ಕುಚ್ಚು ಎಷ್ಟುದ್ದ ಇರಬೇಕು?

ಕತ್ತರಿಸಿದ ಎರಡು ಜೆಲ್ ತುಂಡುಗಳನ್ನು ಆಮ್ಲದ ದ್ರಾವಣದಲ್ಲಿ ಒಂದಕ್ಕೊಂದು ತಾಗಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಬೆಸೆದುಕೊಳ್ಳುತ್ತವೆ. ಕ್ಷಾರಕ್ಕೆ ಹಾಕಿದರೆ ಮತ್ತೆ ಬೇರೆಯಾಗುತ್ತವೆ. 2012ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಹೆಸರು ಬಂದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊಗೆ. ಬೇರು ಮಾತ್ರ ಪುಣೆಯ ಪಾಷಾಣ್ ರಸ್ತೆಯಲ್ಲಿದೆ. ತಂಡದ ಮುಖ್ಯಸ್ಥೆ ಶೈನಿ ವರ್ಗೀಸ್ ಪಿಎಚ್.ಡಿ. ಮಾಡಿದ್ದು ಅಲ್ಲಿನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ. ಅವರ ಜೊತೆ ಲೇಖಕರಾಗಿದ್ದ ರಘುನಾಥ ಮಾಶೇಲ್ಕರ್, ಆಶಿಶ್ ಲೆಲೆ ಇಬ್ಬರೂ ಅದೇ ಪ್ರಯೋಗಾಲಯದವರು. ತಾಮ್ರದ ಅಯಾನುಗಳ ನೆರವಿನಿಂದ ಜೆಲ್ ಬೆಸೆಯುವ ಬಗ್ಗೆ ಈ ಮೂವರು 2006ರಲ್ಲೇ ಬರೆದಿದ್ದರು.

ಹೈಡ್ರೋಜೆಲ್ ಎಂದರೆ ನೀರು ಕುಡಿದು ಉಬ್ಬಿದ ಪಾಲಿಮರ್ ಬಲೆ. ಇದೇ ಪ್ರಯೋಗಾಲಯ 1980ರ ದಶಕದಲ್ಲಿ ಬೇಸಾಯಕ್ಕೆಂದು ರೂಪಿಸಿದ ‘ಜಲಶಕ್ತಿ’ಯೂ ಈ ಜಾತಿಯದೇ. ಅದರ ಕೆಲಸ ನೀರು ಹೀರಿ ಹಿಡಿದುಕೊಳ್ಳುವುದು, ಅಷ್ಟೆ. ಬೆಸೆಯುವ ಜೆಲ್‌ನ ಗುಟ್ಟು ಬಲೆಯ ಎಳೆಗಳಿಂದ ಸೆರಗಿನ ಕುಚ್ಚಿನಂತೆ ಇಳಿಬಿದ್ದ ಪಾರ್ಶ್ವ ಸರಪಳಿಗಳಲ್ಲಿದೆ. ಪ್ರತಿ ಕುಚ್ಚಿನ ತುದಿಯಲ್ಲಿ ಒಂದು ಕಾರ್ಬಾಕ್ಸಿಲ್ ಗುಂಪು. ಆಮ್ಲದಲ್ಲಿ ಅದು ತನ್ನ ಹೈಡ್ರೋಜನ್ ಬಿಟ್ಟುಕೊಡದೆ, ಎದುರಿನ ತುಂಡಿನ ಕುಚ್ಚಿನೊಡನೆ ಹೈಡ್ರೋಜನ್ ಬಂಧ ಕಟ್ಟುತ್ತದೆ. ಕ್ಷಾರದಲ್ಲಿ ತುದಿಗಳೆಲ್ಲ ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂಡುತ್ತವೆ.

ನನಗೆ ಸೊಗಸೆನಿಸುವುದು ಉದ್ದದ ಲೆಕ್ಕ. ಕುಚ್ಚು ಗಿಡ್ಡವಾದರೆ ಎದುರಿನದಕ್ಕೆ ಎಟುಕುವುದಿಲ್ಲ. ತೀರ ಉದ್ದವಾದರೆ, ನೀರನ್ನೊಲ್ಲದ ಇಂಗಾಲದ ಭಾಗ ಹೆಚ್ಚಿ, ಸರಪಳಿಗಳು ತಮ್ಮತಮ್ಮಲ್ಲೇ ಮುದುಡಿಕೊಳ್ಳುತ್ತವೆ. ಪುಣೆಯವರು ನೆಚ್ಚಿದ ಅಮಿನೊಕ್ಯಾಪ್ರೊಯಿಕ್ ಆಮ್ಲದ ಸರಪಳಿ ಎರಡರ ನಡುವಿನದು.

ಜೆಲ್ ಕುಗ್ಗುವ ವೇಗಕ್ಕೂ ಆಕಾರವೇ ಕಾರಣವಾಗುವುದುಂಟು. ಪಾಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬ ಬಾಯಿ ನೋಯಿಸುವ ಹೆಸರಿನ ಜೆಲ್ ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೀರು ಕಕ್ಕಿ ಕುಗ್ಗುತ್ತದೆ. ಮಾಮೂಲಿ ಬಲೆಯಾದರೆ ಪೂರ್ತಿ ಕುಗ್ಗಲು ತಿಂಗಳಿಗೂ ಹೆಚ್ಚು ಹಿಡಿಯಬಹುದು. ಒಂದು ತುದಿ ಸ್ವತಂತ್ರವಾಗಿರುವ ಸರಪಳಿಗಳನ್ನು ಬಲೆಗೆ ಕಸಿ ಮಾಡಿದ ಜಪಾನಿನ ಯೋಶಿದಾ ತಂಡದ ಜೆಲ್ ಇಪ್ಪತ್ತು ನಿಮಿಷದೊಳಗೆ ಕುಗ್ಗಿತು. ಅದು 1995ರ ‘ನೇಚರ್’ ಪತ್ರಿಕೆಯಲ್ಲಿದೆ. ರಾಸಾಯನಿಕ ಅದೇ, ಜೋಡಣೆ ಮಾತ್ರ ಬೇರೆ.

ಜೆಲ್ ತುಂಡುಗಳು ಬೆಸೆದುಕೊಂಡ ಮಾತ್ರಕ್ಕೆ ಗಾಯಕ್ಕೆಲ್ಲ ಮದ್ದು ಸಿಕ್ಕಿತೆಂದು ಹಿಗ್ಗುವಂತಿಲ್ಲ. ಪುಣೆಯ ನಂಟಿನ ಈ ಜೆಲ್ ಬೆಸೆಯುವುದು ಪಿಎಚ್ 3ರ ಆಸುಪಾಸಿನ ಆಮ್ಲದಲ್ಲಿ. ಜಠರದಲ್ಲಿ ಅಂಥ ಹುಳಿ ಉಂಟು, ಆದ್ದರಿಂದ ಜಠರದ ಒಳಪದರಕ್ಕೆ ಅಂಟಿ ಔಷಧ ಬಿಡುವ ಲೇಪನದ ಆಸೆ ಸಹಜ. ರಕ್ತದ ಪಿಎಚ್ 7.4. ಅಲ್ಲಿ ಈ ಕುಚ್ಚುಗಳು ಒಂದನ್ನೊಂದು ದೂಡುತ್ತವೆಯಾದ್ದರಿಂದ ಬೇರೆಯದೇ ತುದಿಯ ಸರಪಳಿ ಬೇಕು.