ಗಗನಸಖಿಯರ ಇಂಗ್ಲೀಷು

ನಮ್ಮ ನಾಡಿನ ತರುಣ ತರುಣಿಯರಿಗೆ ಈ ಶತಮಾನದಲ್ಲಿ ತೆರೆದ ಉದ್ಯೋಗದ ಬಾಗಿಲುಗಳಲ್ಲಿ ವಿಮಾನದ ಬಾಗಿಲೂ ಒಂದು. 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯು ಬೆಂಗಳೂರನ್ನು ನೆಲೆಯಾಗಿಟ್ಟುಕೊಂಡು ಅಲ್ಪದರದ ವಿಮಾನಯಾನವನ್ನು ಆರಂಭಿಸಿತು. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಬಳಿಯ ನಿಲ್ದಾಣವು ಸಂಚಾರಕ್ಕೆ ತೆರೆಯಿತು. ಅಂದಿನಿಂದ ವಿಮಾನವು ಧನಿಕರಿಗೂ ದೊಡ್ಡ ಅಧಿಕಾರಿಗಳಿಗೂ ಮಾತ್ರ ಮೀಸಲಾದ ವಾಹನವಾಗಿ ಉಳಿಯಲಿಲ್ಲ. ಪ್ರಯಾಣಿಕರ ಸಂಖ್ಯೆ ಬೆಳೆದಂತೆ ಅವರನ್ನು ನೋಡಿಕೊಳ್ಳುವ ಸಿಬ್ಬಂದಿಯೂ ಬೆಳೆಯಬೇಕಾಯಿತು. ದೊಡ್ಡ ವಿಮಾನಗಳಲ್ಲಿ ಐವತ್ತು ಆಸನಗಳಿಗೆ ಒಬ್ಬರಂತೆ ಪರಿಚಾರಕರು ಇರಲೇಬೇಕೆಂಬುದು ನಮ್ಮ ದೇಶದ ನಿಯಮವಾಗಿದೆ. ಇದರ ಫಲವಾಗಿ ಗಗನಸಖಿಯರನ್ನು ಸಿದ್ಧಪಡಿಸುವ ಶಿಕ್ಷಣಶಾಲೆಗಳು ಪಟ್ಟಣಗಳಲ್ಲಿ ಹುಟ್ಟಿಕೊಂಡಿವೆ. ಅವು ಮುಂದೊಡ್ಡುವ ಮೊದಲ ಆಶ್ವಾಸನೆಯೇ ಇಂಗ್ಲೀಷು. ಆ ಇಂಗ್ಲೀಷು ಎಂಥದಾಗಿರಬೇಕೆಂಬುದನ್ನು ಇಂದು ನಾವು ಸ್ವಲ್ಪ ವಿಚಾರಮಾಡಬೇಕೆಂದಿದ್ದೇವೆ.

ವಿಚಾರಕ್ಕೆ ಒಂದು ನೆಲೆ ಬೇಕಷ್ಟೆ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಕಿಕ್ಕೇರಿಯ ಸಮೀಪಕ್ಕೆ ಗೋವಿಂದನಹಳ್ಳಿಯೆಂಬ ಗ್ರಾಮವಿದೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳರ ಆಳಿಕೆಯಲ್ಲಿ ಕಟ್ಟಿದ, ಐದು ಗರ್ಭಗುಡಿಗಳುಳ್ಳ ಪಂಚಲಿಂಗೇಶ್ವರ ದೇವಾಲಯದಿಂದ ಅದು ಪ್ರಸಿದ್ಧವಾಗಿದೆ. ಇಂಥದೊಂದು ಹಳ್ಳಿಯ ರೈತನ ಮಗಳು ಕನ್ನಡ ಶಾಲೆಯಲ್ಲಿ ಓದಿ, ಪಿ.ಯು.ಸಿ. ಮುಗಿಸಿ, ಗಗನಸಖಿಯಾಗಬೇಕೆಂದು ಬಯಸಿದಳೆಂದು ಭಾವಿಸೋಣ. ತಂದೆಯು ಸಾಲಮಾಡಿ ಶುಲ್ಕ ತೆತ್ತು ಅವಳನ್ನು ಪಟ್ಟಣಕ್ಕೆ ಕಳುಹಿಸಿದನೆನ್ನೋಣ. ಅಲ್ಲಿ ಅವಳಿಗೆ ಮೊದಲು ಕಲಿಸತಕ್ಕದ್ದೇನು? ವಿದೇಶೀಯರ ಧಾಟಿಯಲ್ಲಿ ಮಾತನಾಡುವುದನ್ನೇ? ಕಂಠಪಾಠಮಾಡಿದ ಸ್ವಾಗತವಚನಗಳನ್ನೇ? ಅಥವಾ ಬೇರೆ ಏನನ್ನಾದರೂ?

ಈ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಆ ಉದ್ಯೋಗದ ಸ್ವರೂಪವನ್ನು ತಿಳಿಯಬೇಕು. ಗಗನಸಖಿಯೆಂದರೆ ನಗುಮುಖದಿಂದ ಕಾಫಿ ತಿಂಡಿಗಳನ್ನು ಕೊಡುವವಳು ಎಂಬ ಭಾವನೆಯು ನಮ್ಮ ಜನರಲ್ಲಿ ಬೇರೂರಿದೆ. 1930ರಲ್ಲಿ ಅಮೆರಿಕದಲ್ಲಿ ಈ ಕೆಲಸಕ್ಕೆ ಮೊದಲು ನೇಮಕವಾದ ಎಲೆನ್ ಚರ್ಚ್ ಎಂಬಾಕೆಯು ಶಿಕ್ಷಣ ಪಡೆದ ದಾದಿಯಾಗಿದ್ದಳೆಂಬುದನ್ನು ಬಹುಮಂದಿ ಅರಿಯರು. ಇಂದಿಗೂ ಆ ಉದ್ಯೋಗದ ತಿರುಳು ಪ್ರಾಣರಕ್ಷಣೆಯೇ. ಅಪಾಯ ಒದಗಿದಾಗ, ಬಾಗಿಲುಗಳಲ್ಲಿ ಅರ್ಧದಷ್ಟು ಮಾತ್ರ ಬಳಕೆಗೆ ಬಂದರೂ, ವಿಮಾನದಲ್ಲಿರುವವರೆಲ್ಲರೂ ತೊಂಬತ್ತು ಸೆಕೆಂಡುಗಳೊಳಗಾಗಿ ಹೊರಬೀಳುವಂತಿರಬೇಕೆಂದು ವಿಮಾನ ನಿರ್ಮಾಣದ ನಿಯಮಗಳು ವಿಧಿಸುತ್ತವೆ. ಆ ತೊಂಬತ್ತು ಸೆಕೆಂಡುಗಳ ಸಾಧನಗಳಲ್ಲಿ ಮುಖ್ಯವಾದದ್ದು ಪರಿಚಾರಕರ ಕಂಠ. ಆದುದರಿಂದ ಅವರ ಭಾಷಾಶಿಕ್ಷಣವನ್ನು ಅಲಂಕಾರವೆಂದು ಎಣಿಸುವುದು ದೊಡ್ಡ ಪ್ರಮಾದ.

ಇಂಗ್ಲೀಷು ಚೆನ್ನಾಗಿ ಬಂದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂದು ವಾದಿಸುವವರಿದ್ದಾರೆ. ಅವರು 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಗ್ರಾಮದ ಬಳಿ ನಡೆದ ಅನಾಹುತವನ್ನು ನೆನೆಯಬೇಕು. ವಿಮಾನದ ಎಡಗಡೆಯ ಇಂಜಿನ್ನು ಕೆಟ್ಟಿತ್ತು. ಚಾಲಕರು ತಪ್ಪಾಗಿ ತಿಳಿದು ಬಲಗಡೆಯದನ್ನು ನಿಲ್ಲಿಸಿದರು ಮತ್ತು ಬಲಗಡೆಯ ಇಂಜಿನ್ನಿನಲ್ಲಿ ತೊಂದರೆಯಿದೆಯೆಂದು ಧ್ವನಿವರ್ಧಕದಲ್ಲಿ ತಿಳಿಸಿದರು. ಹಿಂಭಾಗದಲ್ಲಿದ್ದ ಪ್ರಯಾಣಿಕರಲ್ಲಿ ಹಲವರೂ ಪರಿಚಾರಕರಲ್ಲಿ ಕೆಲವರೂ ಎಡಗಡೆಯಲ್ಲಿ ಬೆಂಕಿಯ ಕುರುಹುಗಳನ್ನು ಕಂಡಿದ್ದರು. ಆ ಸಮಾಚಾರವು ಚಾಲಕರ ಕಿವಿಗೆ ಮುಟ್ಟಲಿಲ್ಲ. 126 ಮಂದಿಯಲ್ಲಿ 47 ಮಂದಿ ಮೃತರಾದರು. ಇಂಗ್ಲೀಷರ ದೇಶದಲ್ಲಿ, ಇಂಗ್ಲೀಷರ ವಿಮಾನದಲ್ಲಿ, ಇಂಗ್ಲೀಷು ಭಾಷೆಯ ಕೊರತೆಯೇನೂ ಇರಲಿಲ್ಲ. ಕೊರತೆಯಿದ್ದದ್ದು ಹೇಳಬೇಕಾದ ಮಾತನ್ನು ಹೇಳಬೇಕಾದವರಿಗೆ ಹೇಳಬೇಕಾದ ಸಮಯದಲ್ಲಿ ಮುಟ್ಟಿಸುವ ಅಭ್ಯಾಸದಲ್ಲಿ.

ಇದಕ್ಕೆ ಪ್ರತಿಯಾಗಿ 2024ರ ಜನವರಿ 2ರಂದು ಟೋಕಿಯೋ ನಗರದ ಹನೇಡಾ ನಿಲ್ದಾಣದಲ್ಲಿ ನಡೆದದ್ದನ್ನು ನೋಡಿರಿ. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನವು ಕಡಲರಕ್ಷಕ ಪಡೆಯ ಸಣ್ಣ ವಿಮಾನಕ್ಕೆ ಡಿಕ್ಕಿ ಹೊಡೆದು ಉರಿಯತೊಡಗಿತು. ಸಣ್ಣ ವಿಮಾನದಲ್ಲಿದ್ದ ಐವರು ಮಡಿದರು. ದೊಡ್ಡ ವಿಮಾನದಲ್ಲಿ 367 ಪ್ರಯಾಣಿಕರೂ 12 ಮಂದಿ ಸಿಬ್ಬಂದಿಯೂ ಇದ್ದರು. ಧ್ವನಿವರ್ಧಕ ವ್ಯವಸ್ಥೆಯು ಕೆಟ್ಟುಹೋಗಿತ್ತು. ಎಂಟು ಬಾಗಿಲುಗಳಲ್ಲಿ ಮೂರು ಮಾತ್ರ ಬಳಕೆಗೆ ಬಂದವು. ಪರಿಚಾರಕರು ಕೈಯಲ್ಲಿ ಹಿಡಿದ ಮೆಗಾಫೋನಿನಿಂದಲೂ ಬರಿಯ ಕಂಠದಿಂದಲೂ ಕೂಗಿ ಕೂಗಿ ಎಲ್ಲರನ್ನೂ ಹೊರಡಿಸಿದರು. ಆ 379 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಅವರ ಉಚ್ಚಾರಣೆಯು ಲಂಡನ್ನಿನ ಧಾಟಿಯಲ್ಲಿತ್ತೇ ಎಂದು ಆ ದಿನ ಯಾರೂ ಕೇಳಲಿಲ್ಲ.

ಹಾಗಾದರೆ ಇಂಗ್ಲೀಷು ಬೇಡವೆಂದು ನಮ್ಮ ಅಭಿಪ್ರಾಯವೆ? ಎಷ್ಟುಮಾತ್ರಕ್ಕೂ ಅಲ್ಲ. ಅನೇಕ ದೇಶಗಳ ಜನರು ಒಟ್ಟಿಗೆ ಕುಳಿತ ವಿಮಾನದಲ್ಲಿ ಎಲ್ಲರಿಗೂ ಸಾಮಾನ್ಯವಾದ ಒಂದು ಭಾಷೆ ಅವಶ್ಯವಾಗಿ ಬೇಕು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಆಕಾಶದಲ್ಲಿಯೇ ಡಿಕ್ಕಿಯಾಗಿ 349 ಮಂದಿ ಮಡಿದರು. ಕಜಕಸ್ತಾನದ ವಿಮಾನದವರಿಗೆ ಇಂಗ್ಲೀಷು ಸಾಕಷ್ಟು ತಿಳಿಯದಿದ್ದುದೂ ಆ ದುರಂತಕ್ಕೆ ಕಾರಣಗಳಲ್ಲೊಂದೆಂದು ವಿಚಾರಣೆಯಲ್ಲಿ ಕಂಡುಬಂದಿತು. ಮುಂದೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಆರು ಮೆಟ್ಟಿಲುಗಳ ಒಂದು ಅಳತೆಗೋಲನ್ನು ಏರ್ಪಡಿಸಿ, ಅಂತರರಾಷ್ಟ್ರೀಯ ಸಂಚಾರದ ಚಾಲಕರಿಗೂ ನೆಲದಿಂದ ವಿಮಾನಗಳನ್ನು ನಿಯಂತ್ರಿಸುವವರಿಗೂ ಕಡಮೆಯೆಂದರೆ ನಾಲ್ಕನೆಯ ಮೆಟ್ಟಿಲಿನ ಭಾಷಾಶಕ್ತಿ ಇರಬೇಕೆಂಬ ನಿಬಂಧನೆಯನ್ನು 2008ರ ಮಾರ್ಚ್‌ನಿಂದ ಜಾರಿಗೆ ತಂದಿತು. ಆ ಅಳತೆಯು ವಿದೇಶೀಯ ಧಾಟಿಯನ್ನು ಬೇಡುವುದಿಲ್ಲ. ಮಾತೃಭಾಷೆಯ ಛಾಯೆಯಿದ್ದರೂ ಅರ್ಥಕ್ಕೆ ಅಡ್ಡಿಯಾಗಬಾರದೆಂದಷ್ಟೇ ಹೇಳುತ್ತದೆ. ಆದರೆ ಈ ನಿಬಂಧನೆಯು ಪರಿಚಾರಕರಿಗೆ ಅನ್ವಯಿಸದು. ಅವರ ಭಾಷೆಯ ಪರೀಕ್ಷೆಯು ಕಂಪೆನಿಗಳ ಕೈಯಲ್ಲೂ, ಅದರ ಶಿಕ್ಷಣವು ಖಾಸಗಿ ಶಾಲೆಗಳ ಕೈಯಲ್ಲೂ ಇದೆ. ಆದುದರಿಂದಲೇ ಕಲಿಸುವವರ ವಿವೇಕವು ಇಲ್ಲಿ ಬಹು ಮುಖ್ಯವಾದದ್ದು.

ಕನ್ನಡಿಗರಿಗೆ ಇಂಗ್ಲೀಷು ಕಲಿಸುವವನು ಮೊದಲು ಕನ್ನಡವನ್ನು ಬಲ್ಲವನಾಗಿರಬೇಕು. ಎಡವುವ ಸ್ಥಳಗಳು ಅವನಿಗೆ ಆಗ ಮಾತ್ರ ಕಾಣುವುವು. ಇದಕ್ಕೆ ಕೆಲವು ನಿದರ್ಶನಗಳನ್ನು ಕೊಡುತ್ತೇವೆ. ಗೌರವವನ್ನು ನಾವು ಕ್ರಿಯಾಪದದ ತುದಿಯಲ್ಲಿಡುತ್ತೇವೆ. "ಕುಳಿತುಕೊಳ್ಳಿ" ಎಂದೊಡನೆ ಮರ್ಯಾದೆ ಸಂದಿತು. ಇಂಗ್ಲೀಷಿನ ಕ್ರಿಯಾಪದಕ್ಕೆ ಆ ತುದಿಯಿಲ್ಲ. ನಮ್ಮ ಹುಡುಗಿಯು ಮನಸ್ಸಿನಲ್ಲಿ "ಕುಳಿತುಕೊಳ್ಳಿ" ಎಂದುಕೊಂಡೇ "ಸಿಟ್ ಡೌನ್" ಎನ್ನುತ್ತಾಳೆ. ಕೇಳಿದವನು ಅದನ್ನು ಗದರಿಕೆಯೆಂದು ತಿಳಿಯುತ್ತಾನೆ. ಮರ್ಯಾದೆಯನ್ನು "ಪ್ಲೀಸ್", "ವುಡ್ ಯು" ಮೊದಲಾದ ಬೇರೆ ಮಾತುಗಳಿಂದ ತುಂಬಬೇಕೆಂದು ಅವಳಿಗೆ ಬಿಡಿಸಿ ಹೇಳಬೇಕು. ಅಷ್ಟೇ ಅಲ್ಲ, ಬೆಂಕಿ ಬಿದ್ದ ಗಳಿಗೆಯಲ್ಲಿ ಆ ಉಪಚಾರವನ್ನೆಲ್ಲ ಕಿತ್ತೊಗೆದು, ಎರಡು ಮೂರು ಪದಗಳಲ್ಲಿ ಗಟ್ಟಿಯಾಗಿ ಆಜ್ಞಾಪಿಸಬೇಕೆಂಬುದನ್ನೂ ಕಲಿಸಬೇಕು. ಒಂದೇ ಬಾಯಿಗೆ ಈ ಎರಡು ಬಗೆಯ ಇಂಗ್ಲೀಷೂ ಬರಬೇಕಾಗಿದೆ.

ಇನ್ನೊಂದನ್ನು ನೋಡಿರಿ. "ನೀವು ಪಟ್ಟಿ ಬಿಗಿದುಕೊಂಡಿಲ್ಲವೇ?" ಎಂದು ಕೇಳಿದರೆ, ಬಿಗಿದುಕೊಳ್ಳದ ಕನ್ನಡಿಗನು "ಹೌದು, ಬಿಗಿದುಕೊಂಡಿಲ್ಲ" ಎನ್ನುವುದುಂಟು. ಅದೇ ಅರ್ಥಕ್ಕೆ ಇಂಗ್ಲೀಷಿನವನು "ನೋ" ಎನ್ನುತ್ತಾನೆ. ಬಾಗಿಲು ಭದ್ರವಾಗಿಲ್ಲವೇ ಎಂದು ಹಿರಿಯ ಪರಿಚಾರಕಿಯು ಕೇಳಿದಾಗ ಬರಿಯ "ಯೆಸ್" ಎಂಬ ಉತ್ತರವು ಎರಡರ್ಥಕ್ಕೆ ಎಡೆಗೊಡುತ್ತದೆ. ಪೂರ್ಣವಾಕ್ಯದಲ್ಲಿ ಉತ್ತರ ಕೊಡುವ ಅಭ್ಯಾಸವೇ ಇದಕ್ಕೆ ಮದ್ದು. ಹಾಗೆಯೇ ನಮ್ಮವರು ಪದಗಳ ಅಕ್ಷರಗಳನ್ನೆಲ್ಲ ಸಮನಾಗಿ ಉಚ್ಚರಿಸುವುದರಿಂದ "ಫಿಫ್ಟೀನ್" ಮತ್ತು "ಫಿಫ್ಟಿ" ಒಂದೇ ಆಗಿ ಕೇಳಿಸುತ್ತವೆ. ಇಳಿಯಲು ಹದಿನೈದು ನಿಮಿಷವೇ, ಐವತ್ತೇ ಎಂಬುದು ಸಣ್ಣ ವಿಷಯವಲ್ಲ. ಹಳೆಯ ಮೈಸೂರಿನ ಹಳ್ಳಿಗಳ ಆಡುಮಾತಿನಲ್ಲಿ ಹಕಾರವು ಜಾರುವುದರಿಂದ "ಹೀಟ್" ಎಂಬುದು "ಈಟ್" ಆಗಬಹುದು. "ಎಗ್ಜಿಟ್" ಎಂಬುದಕ್ಕೆ ಯಕಾರವು ಸೇರಿ "ಯೆಗ್ಜಿಟ್" ಆದರೆ ಯಾರಿಗೂ ಹಾನಿಯಿಲ್ಲ. ಇಂಥ ನಿರಪಾಯದ ದೋಷಗಳನ್ನು ತಿದ್ದುವುದರಲ್ಲಿಯೇ ತಿಂಗಳುಗಳನ್ನು ಕಳೆದು, ಅಪಾಯದ ದೋಷಗಳನ್ನು ಬಿಟ್ಟುಬಿಡುವ ಬೋಧನೆಯು ವ್ಯರ್ಥವೆನ್ನದೆ ನಿರ್ವಾಹವಿಲ್ಲ.

ಮಾತನಾಡುವುದಕ್ಕಿಂತ ಕೇಳುವುದು ಕಷ್ಟವೆಂಬುದನ್ನೂ ಮರೆಯಬಾರದು. ತುರ್ತು ಸಂದರ್ಭದಲ್ಲಿ ಚಾಲಕನು ಪರಿಚಾರಕರ ಮುಖ್ಯಸ್ಥರನ್ನು ಕರೆದು ನಾಲ್ಕು ಅಂಶಗಳನ್ನು ತಿಳಿಸುವ ಪದ್ಧತಿ ಅನೇಕ ಕಂಪೆನಿಗಳಲ್ಲಿದೆ: ತೊಂದರೆಯ ಸ್ವರೂಪವೇನು, ಮಾಡಬೇಕೆಂದಿರುವುದೇನು, ಎಷ್ಟು ಸಮಯವಿದೆ, ವಿಶೇಷ ಸೂಚನೆಗಳೇನು. ಕೇಳಿದವರು ಆ ನಾಲ್ಕನ್ನೂ ಮರಳಿ ಒಪ್ಪಿಸಿ ಹೇಳಬೇಕು. ಇಂಜಿನ್ನಿನ ಶಬ್ದದ ನಡುವೆ, ನಾನಾ ದೇಶದವರ ಧಾಟಿಗಳಲ್ಲಿ ಬಂದ ಮಾತನ್ನು ಒಮ್ಮೆಗೇ ಗ್ರಹಿಸಿ, ತಪ್ಪಿಲ್ಲದೆ ಮರಳಿ ಹೇಳುವುದು ಅಭ್ಯಾಸಬಲದಿಂದ ಬರತಕ್ಕದ್ದೇ ಹೊರತು ವ್ಯಾಕರಣದ ಪುಸ್ತಕದಿಂದಲ್ಲ. ತಿಳಿಯದಿದ್ದರೆ ಸಂಕೋಚವಿಲ್ಲದೆ "ಇನ್ನೊಮ್ಮೆ ಹೇಳಿ" ಎನ್ನುವ ಧೈರ್ಯವೂ ಶಿಕ್ಷಣದ ಒಂದು ಭಾಗ.

ಆ ಧೈರ್ಯವನ್ನೇ ಕುಗ್ಗಿಸುವ ಬೋಧನಕ್ರಮವನ್ನು ನಾವು ಖಂಡಿಸುತ್ತೇವೆ. ಹಳ್ಳಿಯಿಂದ ಬಂದವಳ ಉಚ್ಚಾರಣೆಯನ್ನು ತರಗತಿಯ ಮುಂದೆ ಆಡಿ ತೋರಿಸಿ ನಗುವುದು, ಕನ್ನಡದಲ್ಲಿ ಒಂದು ಮಾತಾಡಿದರೆ ದಂಡ ವಿಧಿಸುವುದು, ಇವು ಎಲ್ಲಿ ನಡೆದರೂ ಕಲಿಕೆಗೆ ಸಹಾಯಕವಲ್ಲ. ನಾಚಿಕೆಯಿಂದ ಬಾಯಿ ಕಟ್ಟಿದವಳು ಎಡಗಡೆಯ ಬೆಂಕಿಯನ್ನು ಕಂಡರೂ ಚಾಲಕನಿಗೆ ಹೇಳಲು ಹಿಂಜರಿಯುವಳು. ಮೇಲಾಗಿ, ಕನ್ನಡದಲ್ಲಿ ಮೊದಲು ಓದಿದವರಿಗೆ ಆಕಾಶವು ಎಟುಕದೆಂಬುದು ಸುಳ್ಳು. ಏರ್ ಡೆಕ್ಕನ್ ಸ್ಥಾಪಕರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು 1951ರಲ್ಲಿ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಜನಿಸಿ, ಗೊರೂರಿನಲ್ಲಿ ಬೆಳೆದು, ಕನ್ನಡ ಮಾಧ್ಯಮದ ಶಾಲೆಯಲ್ಲಿಯೇ ಓದಿದವರು. ಗೋವಿಂದನಹಳ್ಳಿಯಿಂದ ಮೇಲುಕೋಟೆಯು ಬಹು ದೂರವೇನೂ ಅಲ್ಲ.

ಇಷ್ಟು ಹೇಳಿದ ಮೇಲೆ ಆಗಬೇಕಾದುದೇನೆಂಬುದನ್ನೂ ಹೇಳುವುದು ನಮ್ಮ ಕರ್ತವ್ಯ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮೊದಲನೆಯ ತರಗತಿಯಿಂದಲೇ ಇಂಗ್ಲೀಷನ್ನು ಒಂದು ಭಾಷೆಯಾಗಿ ಕಲಿಸುವುದು 2007ರಲ್ಲಿ ಆರಂಭವಾಯಿತು. ಆಗ ಸೇರಿದ ಮಕ್ಕಳು ಈಗ ಉದ್ಯೋಗದ ವಯಸ್ಸಿಗೆ ಬಂದಿದ್ದಾರೆ. ಆದರೆ ನಮ್ಮ ಪರೀಕ್ಷೆಗಳಲ್ಲಿ ಲೇಖನಿಗೆ ಇರುವ ಪ್ರಾಧಾನ್ಯವು ಕಿವಿಗೂ ನಾಲಗೆಗೂ ಇಲ್ಲ. ಹನ್ನೆರಡು ವರ್ಷ ಓದಿದ ಭಾಷೆಯನ್ನು ಮಾತನಾಡಲು ಮತ್ತೆ ಖಾಸಗಿ ಶಾಲೆಗೆ ಶುಲ್ಕ ತೆರಬೇಕಾಗಿ ಬಂದರೆ ಆ ಲೋಪವು ಹುಡುಗಿಯದಲ್ಲ. ತಾಲ್ಲೂಕು ಕೇಂದ್ರಗಳ ಸರ್ಕಾರಿ ಕಾಲೇಜುಗಳಲ್ಲಿ, ಸಂಜೆಯ ವೇಳೆಯಾದರೂ ಆಗಲಿ, ಕೇಳುವ ಮತ್ತು ಮಾತನಾಡುವ ಇಂಗ್ಲೀಷಿನ ತರಗತಿಗಳನ್ನು ಏರ್ಪಡಿಸಬೇಕು. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲೀಷು ಸಂಸ್ಥೆಯು ಅಧ್ಯಾಪಕರನ್ನು ತರಬೇತುಗೊಳಿಸುತ್ತ ಬಂದಿದೆ. ಅದರ ಅನುಭವವನ್ನು ಇದಕ್ಕೆ ಬಳಸಿಕೊಳ್ಳಬಹುದು. ಇಂಥ ತರಗತಿಯು ಗಗನಸಖಿಯಾಗಬಯಸುವವಳಿಗೆ ಮಾತ್ರವಲ್ಲ, ಆಸ್ಪತ್ರೆಯ ದಾದಿಗೂ ಹೋಟೆಲಿನ ನೌಕರನಿಗೂ ಉಪಯುಕ್ತ. ವಿಮಾನದ ಕೆಲಸ ಸಿಕ್ಕದಿದ್ದವಳ ಶ್ರಮವೂ ವ್ಯರ್ಥವಾಗದು.

ಕೊನೆಯದಾಗಿ ಕಂಪೆನಿಗಳಿಗೆ ಒಂದು ಮಾತು. ನಿಲ್ದಾಣಗಳಲ್ಲಿ ಪ್ರಕಟಣೆಗಳು ಮೊದಲು ಸ್ಥಳೀಯ ಭಾಷೆಯಲ್ಲಿಯೂ ಅನಂತರ ಹಿಂದಿ ಇಂಗ್ಲೀಷುಗಳಲ್ಲಿಯೂ ಆಗಬೇಕೆಂದು 2018ರ ಡಿಸೆಂಬರಿನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ತನ್ನ ನಿಲ್ದಾಣಗಳಿಗೆ ಸೂಚನೆಯಿತ್ತಿತು. ನೆಲದ ಮೇಲೆ ಯೋಗ್ಯವಾದದ್ದು ಆಕಾಶದಲ್ಲಿ ಅಯೋಗ್ಯವಾಗಲಾರದು. ಹುಬ್ಬಳ್ಳಿಗೋ ಕಲಬುರಗಿಗೋ ಹೋಗುವ ವಿಮಾನದಲ್ಲಿ ತುರ್ತು ಬಾಗಿಲಿನ ಪಕ್ಕದಲ್ಲಿ ಕುಳಿತವನಿಗೆ ಕನ್ನಡವೊಂದೇ ಬರುವುದಾದರೆ, ಆ ಬಾಗಿಲನ್ನು ತೆರೆಯುವ ಬಗೆಯನ್ನು ಅವನಿಗೆ ಯಾರು ತಿಳಿಸಬೇಕು? ಕನ್ನಡ ಬಲ್ಲ ಗಗನಸಖಿಯೇ ಅಲ್ಲವೆ? ಹಾಗಿರುವಾಗ ಅವಳ ಕನ್ನಡವನ್ನು ನ್ಯೂನತೆಯೆಂದು ಎಣಿಸದೆ, ಅರ್ಹತೆಯೆಂದು ಎಣಿಸಿ ನೇಮಕದಲ್ಲಿ ಅದಕ್ಕೆ ಬೆಲೆ ಕೊಡುವುದು ನ್ಯಾಯ.

ಇಂಗ್ಲೀಷನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಅದನ್ನು ಆಭರಣವಾಗಿ ಅಲ್ಲ, ಆಯುಧವಾಗಿ ಕಲಿಯಲಿ. ಕನ್ನಡವನ್ನು ಕಳೆದುಕೊಂಡು ಕಲಿಯಬೇಕಾದ ಅಗತ್ಯ ಅವರಿಗೆ ಯಾವತ್ತೂ ಇಲ್ಲ. ಅಧಿಕಾರಿಗಳೂ ಅಧ್ಯಾಪಕರೂ ತಂದೆತಾಯಿಗಳೂ ಈ ವಿಷಯವನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬಿದ್ದೇವೆ.