ಅಂಗಡಿಯಿಂದ ಗೋದಾಮಿಗೆ ತಾಮ್ರದ ವಯರೋ, ಫೈಬರೋ? ಸ್ವಿಚ್ ಕೊಳ್ಳೋ ಮುಂಚೆ ತಿಳಿದಿರಲಿ

ಹೊನ್ನಾವರ: ಮಳೆಗಾಲದ ಹೊಸ್ತಿಲಲ್ಲಿ ಒಂದು ಜೋರು ಸಿಡಿಲು ಬಿದ್ದರೆ ಸಾಕು. ಮರುದಿನ ಬೆಳಿಗ್ಗೆ ಭಟ್ಕಳ, ಹೊನ್ನಾವರ, ಕುಮಟಾದ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಸತ್ತ ಸ್ವಿಚ್, ಸುಟ್ಟ ರೂಟರ್ ಬರೋಕೆ ಶುರು. ಬಿಲ್ಲಿಂಗ್ ನಿಂತಿದೆ, ಸಿಸಿಟಿವಿ ಕಪ್ಪಾಗಿದೆ. "ರಾತ್ರಿ ಮೇನ್ ಆಫ್ ಮಾಡಿಯೇ ಹೋಗಿದ್ದೆವಲ್ಲ, ಆದ್ರೂ ಹೇಗೆ ಸುಟ್ಟಿತು?" ಅನ್ನೋದು ಎಲ್ಲರ ಪ್ರಶ್ನೆ.

ಸಿಡಿಲಿನ ಏಟು ಕರೆಂಟ್ ಲೈನಿನಿಂದಲೇ ಬರಬೇಕೆಂದಿಲ್ಲ. ಅಂಗಡಿಯಿಂದ ಹಿಂದಿನ ಗೋದಾಮಿಗೆ, ತೆಂಗಿನ ಮರಕ್ಕೆ ಕಟ್ಟಿ ಎಳೆದ ನೆಟ್‌ವರ್ಕ್ ಕೇಬಲ್ ಇದೆಯಲ್ಲ, ಅದೂ ತಾಮ್ರವೇ. ಸಿಡಿಲು ನೇರ ಅದರ ಮೇಲೆ ಬೀಳಬೇಕಿಲ್ಲ, ಹತ್ತಿರ ಎಲ್ಲೋ ಬಿದ್ದರೂ ಆ ಉದ್ದ ತಂತಿಯಲ್ಲಿ ವೋಲ್ಟೇಜ್ ಹುಟ್ಟಿ ಎರಡೂ ತುದಿಯ ಪೋರ್ಟ್ ಒಡೆಯುತ್ತದೆ. ಮೇನ್ ಆಫ್ ಇದ್ದರೂ ಈ ತಂತಿ ಸಿಕ್ಕಿಸಿಯೇ ಇರ್ತದೆ.

ಇದಕ್ಕೆ ಪರಿಹಾರ ಎಷ್ಟೋ ಸ್ವಿಚ್‌ಗಳಲ್ಲೇ ಇದೆ. ಬಲ ತುದಿಯಲ್ಲಿ, ಉಳಿದವಕ್ಕಿಂತ ಬೇರೆ ಥರ ಕಾಣುವ, ಒಳಗೆ ಏನೂ ಇಲ್ಲದ ಒಂದೆರಡು ಖಾನೆ. ಹೆಚ್ಚಿನವರು ಅದನ್ನು ಮುಟ್ಟಿಯೇ ಇರೋದಿಲ್ಲ.

ಸಾಲಾಗಿರುವ ಚೌಕ ತೂತುಗಳು ತಾಮ್ರದ ಪೋರ್ಟ್, ಹೆಸರು ಆರ್‌ಜೆ-45. ಕ್ಯಾಟ್-5ಇ ಅಥವಾ ಕ್ಯಾಟ್-6 ಕೇಬಲ್ ಇಲ್ಲಿಗೆ ಬರ್ತದೆ. ಅದರೊಳಗೆ 8 ತಂತಿ, ಎರಡೆರಡು ಹೆಣೆದು 4 ಜೋಡಿ. ಒಂದು ಎಳೆಯ ಗರಿಷ್ಠ ಉದ್ದ 100 ಮೀಟರ್. ಅದರಾಚೆ ಒಮ್ಮೊಮ್ಮೆ ನಡೆದೀತು, ಆದರೆ ನಂಬೋ ಹಾಗಿಲ್ಲ. ತಾಮ್ರದ ದೊಡ್ಡ ಗುಣವೆಂದರೆ ಡೇಟಾ ಜೊತೆ ಕರೆಂಟೂ ಕೊಡ್ತದೆ. ಪಿಒಇ ಎಂದು ಬರೆದ ಸ್ವಿಚ್ ಆದರೆ ಒಂದು ಪೋರ್ಟಿನಿಂದ ಸುಮಾರು 15 ವ್ಯಾಟ್, ಪಿಒಇ ಪ್ಲಸ್ ಆದರೆ 30 ವ್ಯಾಟ್. ಕ್ಯಾಮೆರಾಕ್ಕೆ ಬೇರೆ ಅಡಾಪ್ಟರ್ ಬೇಡ.

ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಶತ್ರು ಉಪ್ಪುಗಾಳಿ. ಬಂದರು ಕಡೆಯ ಅಂಗಡಿಗಳಲ್ಲಿ ಹಳೆ ಕನೆಕ್ಟರ್ ಕಿತ್ತು ನೋಡಿದರೆ ಪಿನ್ನಿಗೆ ಹಸಿರು ಕಿಲುಬು. ಆಗ 1 ಗಿಗಾಬಿಟ್ ಓಡಬೇಕಾದ ಲೈನು ಸದ್ದಿಲ್ಲದೆ 100 ಎಂಬಿಪಿಎಸ್‌ಗೆ ಇಳೀತದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. ಬೈಯುವುದು ಮಾತ್ರ ನೆಟ್ ಕಂಪನಿಯನ್ನು!

ಕೇಬಲ್ ಕೊಳ್ಳುವಾಗಲೂ ಮೋಸ ಹೋಗಬೇಡಿ. ಅಗ್ಗದ ಬಂಡಲ್‌ಗಳಲ್ಲಿ ಎಷ್ಟೋ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟವು. ಬ್ಲೇಡಿನಿಂದ ತಂತಿ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಉದ್ದ ಎಳೆತದಲ್ಲಿ ಪಿಒಇಗೆ ಅದು ಆಗೋದೇ ಇಲ್ಲ.

ಖಾಲಿ ಖಾನೆ ಯಾಕೆ?

ಆ ಖಾನೆಗೆ ಎಸ್‌ಎಫ್‌ಪಿ ಎನ್ನುತ್ತಾರೆ. ಅದರೊಳಗೆ ಬೆರಳುದ್ದದ ಮಾಡ್ಯೂಲ್ ಬೇರೆ ಕೊಂಡು ಕೂರಿಸಬೇಕು, ಅದಕ್ಕೆ ಫೈಬರ್ ಸಿಕ್ಕಿಸಬೇಕು. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಓಡೋದು ಬೆಳಕು. ಗಾಜಿನಲ್ಲಿ ದೂರಕ್ಕೆ ಮಾತು ಕಳಿಸಬಹುದು ಎಂದು 1966ರಲ್ಲೇ ತೋರಿಸಿದ ಚಾರ್ಲ್ಸ್ ಕಾವ್‌ಗೆ ನೊಬೆಲ್ ಬಂದಿದ್ದು 2009ರಲ್ಲಿ. ಗಾಜಿನಲ್ಲಿ ವಿದ್ಯುತ್ ಹರಿಯದು, ಹಾಗಾಗಿ ಸಿಡಿಲಿನ ಏಟು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಈ ದಾರಿಯಲ್ಲಿ ದಾಟೋದಿಲ್ಲ. ಸಾಮಾನ್ಯ ಸಿಂಗಲ್ ಮೋಡ್ ಮಾಡ್ಯೂಲ್ 10 ಕಿಲೋಮೀಟರ್‌ವರೆಗೆ ಓಡ್ತದೆ. ಹೊನ್ನಾವರ ಪೇಟೆಯಿಂದ ಶರಾವತಿ ದಾಟಿ ಕಾಸರಕೋಡು ಮುಟ್ಟಿ ಇನ್ನೂ ಮಿಕ್ಕೀತು. ಗೋದಾಮಿನ 150 ಮೀಟರ್ ಅದಕ್ಕೆ ಲೆಕ್ಕವೇ ಅಲ್ಲ.

ಆದರೆ ಒಂದು ಸೂಕ್ಷ್ಮ ಇದೆ. ಹೊರಗೆ ಎಳೆಯುವ ಫೈಬರ್ ಕೇಬಲ್‌ಗಳಲ್ಲೂ ಬಲಕ್ಕೆಂದು ಉಕ್ಕಿನ ತಂತಿ ಇರೋದುಂಟು. ಆಗ ಸಿಡಿಲಿಗೆ ಮತ್ತೆ ದಾರಿ ಸಿಕ್ಕಂತಾಯಿತು. ಲೋಹವಿಲ್ಲದ, ಎಫ್‌ಆರ್‌ಪಿ ಕಡ್ಡಿಯ ಕೇಬಲ್ ಕೇಳಿ ತಗೊಳ್ಳಿ. ಹೆಗ್ಗಣದ ಕಾಟಕ್ಕೆ ಉಕ್ಕಿನ ಕವಚದ ಕೇಬಲ್ಲೇ ಬೇಕು ಎಂದಾದರೆ ಆ ಕವಚವನ್ನು ಸ್ವಿಚ್ ಪೆಟ್ಟಿಗೆಯೊಳಗೆ ತರದೆ ಕಟ್ಟಡಕ್ಕೆ ಬರುವಲ್ಲೇ ಅರ್ಥಿಂಗ್ ಮಾಡಿಸಬೇಕು. ಕರೆಂಟ್ ಲೈನಿನಿಂದ ಬರೋ ಏಟಿಗಂತೂ ಫೈಬರ್ ಮದ್ದಲ್ಲ, ಪ್ಲಗ್ ಕೀಳಲೇಬೇಕು. ಫೈಬರ್‌ನಲ್ಲಿ ಕರೆಂಟ್ ಹೋಗದ ಕಾರಣ ಗೋದಾಮಿನ ತುದಿಯಲ್ಲೂ ಒಂದು ಸ್ವಿಚ್, ಒಂದು ಯುಪಿಎಸ್ ಇಡಬೇಕಾಗ್ತದೆ. ಈ ಖರ್ಚು ಮೊದಲೇ ಲೆಕ್ಕ ಹಾಕಿ.

ಮಾಡ್ಯೂಲ್ ತರುವಾಗ ಜನ ಎಡವೋದು ಜೋಡಿಯಲ್ಲಿ. ಒಂದೇ ಎಳೆಯ ಫೈಬರ್‌ಗೆ ಬರೋ ಮಾಡ್ಯೂಲ್‌ಗಳು ಗಂಡು ಹೆಣ್ಣಿನ ಹಾಗೆ. ಒಂದು 1310 ನ್ಯಾನೋಮೀಟರ್ ಬೆಳಕು ಕಳಿಸಿ 1550 ತಗೊಂಡರೆ ಇನ್ನೊಂದು ಅದಕ್ಕೆ ಉಲ್ಟಾ. ಒಂದೇ ಥರದ ಎರಡು ತಂದರೆ ಲೈಟೇ ಹತ್ತೋದಿಲ್ಲ. ಎರಡೂ ಕಡೆ ವೇಗವೂ ಒಂದೇ ಇರಬೇಕು. ಹಳದಿ ಕೇಬಲ್ ಸಾಮಾನ್ಯವಾಗಿ ಸಿಂಗಲ್ ಮೋಡ್, ಕಿತ್ತಳೆ ಬಣ್ಣದ್ದು ಮಲ್ಟಿಮೋಡ್. ಅದಕ್ಕೆ ಇದು, ಇದಕ್ಕೆ ಅದು ಹಾಕಬಾರದು. ಸ್ವಿಚ್‌ನಲ್ಲಿ ಎಸ್‌ಎಫ್‌ಪಿ ಖಾನೆ ಇಲ್ಲದಿದ್ದರೆ ಮೀಡಿಯಾ ಕನ್ವರ್ಟರ್ ಎಂಬ ಸಣ್ಣ ಡಬ್ಬಿ ಎರಡು ತುದಿಗೂ ಇಟ್ಟರಾಯಿತು.

ಮನೆಗೆ ಬಂದ ಫೈಬರ್ ಇದಕ್ಕೆ ಸಿಕ್ಕಿಸಬಹುದಾ?

ಆಗೋದಿಲ್ಲ. ಇಂಟರ್ನೆಟ್ ಕಂಪನಿ ಹಾಕಿದ ಫೈಬರ್‌ನ ಹಸಿರು ತುದಿ ನೋಡಿ ಎಸ್‌ಎಫ್‌ಪಿ ಮಾಡ್ಯೂಲ್ ತಂದು ಪೇಚಿಗೆ ಬಿದ್ದವರುಂಟು. ಕಂಪನಿಯ ಒಂದೇ ಎಳೆ ಹಲವು ಗಿರಾಕಿಗಳಿಗೆ ಹಂಚಿರ್ತದೆ. ಅದರ ಭಾಷೆಯೇ ಬೇರೆ, ಓದಬಲ್ಲದ್ದು ಅವರು ಕೊಟ್ಟ ಓಎನ್‌ಟಿ ಡಬ್ಬಿ ಮಾತ್ರ. ಅದರ ಚೌಕ ಪೋರ್ಟಿನಿಂದ ಮಾಮೂಲಿ ಕೇಬಲ್ ತಂದು ಸ್ವಿಚ್‌ಗೆ ಕೊಡಿ. ಡಬ್ಬಿಯಲ್ಲಿ ಲಾಸ್ ಎಂಬ ಕೆಂಪು ಲೈಟ್ ಹತ್ತಿದರೆ ಹೊರಗಿನ ಫೈಬರ್‌ನಲ್ಲಿ ಬೆಳಕು ಬರ್ತಾ ಇಲ್ಲ ಅಂತ. ಎಲ್ಲೋ ಜೆಸಿಬಿ ಎಳೆ ತುಂಡು ಮಾಡಿರಬಹುದು, ಸ್ವಿಚ್ ಬದಲಿಸಿ ಪ್ರಯೋಜನ ಇಲ್ಲ.

ಒಂದೇ ಕೋಣೆಯ ಅಂಗಡಿಗೆ ಇದ್ಯಾವುದೂ ಬೇಡ, ಒಳ್ಳೆ ತಾಮ್ರದ ಕೇಬಲ್ ಸಾಕು. ಕಟ್ಟಡ ಎರಡಾದರೆ, ನಡುವೆ ಆಕಾಶ ಕಂಡರೆ ಫೈಬರ್ ಯೋಚಿಸಿ. ತುಂಡಾದ ತಾಮ್ರಕ್ಕೆ ಹುಡುಗರೇ ಹೊಸ ಕನೆಕ್ಟರ್ ಕ್ರಿಂಪ್ ಮಾಡ್ತಾರೆ, ಫೈಬರ್ ಬೆಸೆಯೋಕೆ ಸ್ಪ್ಲೈಸಿಂಗ್ ಮಷಿನ್ ಇರೋರೇ ಬರಬೇಕು. ಹಾಗಾಗಿ ಕೆಲಸ ಮಾಡಿಸುವಾಗಲೇ ಒಂದೆರಡು ಎಳೆ ಹೆಚ್ಚಿಗೆ ಇರೋ ಕೇಬಲ್ ಹಾಕಿಸಿ, ಸ್ಪ್ಲೈಸ್ ಮಾಡೋರ ನಂಬರ್ ಸ್ವಿಚ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿಡಿ. ಬಿಚ್ಚಿದ ಫೈಬರ್ ತುದಿಗೆ ಕಣ್ಣಿಟ್ಟು "ಬೆಳಕು ಬರ್ತಾ ಇದೆಯಾ" ಅಂತ ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣೋದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.