ಗೋಲ್‌ಕೀಪರನಿಗೆ ಬೀಳಲು ನೆಲ ಬೇಕು

ಕಡತದ ಭಾಷೆಯಲ್ಲಿ ಹೇಳುವುದಾದರೆ, ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರನದು ಏಕೈಕ ಹುದ್ದೆ. ಮುನ್ಪಡೆಯಲ್ಲಿ ಸ್ಥಾನ ಸಿಗದವನು ಅಂಚಿಗೆ ಸರಿದು ಆಡಬಹುದು. ಗೋಲ್‌ಕೀಪರನಿಗೆ ಅಂತಹ ವರ್ಗಾವಣೆಯ ಸೌಲಭ್ಯವಿಲ್ಲ. ಮೊದಲನೆಯವನು ಗಾಯಗೊಳ್ಳುವ ತನಕ ಎರಡನೆಯವನು ಬೆಂಚಿನ ಮೇಲೆ ಕುಳಿತೇ ವಯಸ್ಸು ಕಳೆಯಬೇಕು. ಇಷ್ಟು ಅನಿಶ್ಚಿತವಾದ ವೃತ್ತಿಗೆ ಬಡವರ ಮನೆಯ ಹುಡುಗ ಇಳಿಯಬೇಕಾದರೆ ಬೆನ್ನಿಗೆ ಸಂಬಳವಿರಬೇಕು, ಕಾಲ ಕೆಳಗೆ ಮೆತ್ತನೆಯ ನೆಲವಿರಬೇಕು.

ಬೆಂಗಳೂರಿನಲ್ಲಿ ಎರಡೂ ಇದ್ದವು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸನ್ನು ಎದುರಿಸಿದಾಗ ಗೋಲು ಕಾಯ್ದವರು ಅಂದಿನ ಮೈಸೂರಿನ ಕೆಂಚಪ್ಪ ವರದರಾಜ್. ತಂಡದ ಬಹುತೇಕರು ಬರಿಗಾಲಿನಲ್ಲಿ ಆಡಿದರು, ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿದರು. ಪಂದ್ಯ 2-1ರಲ್ಲಿ ಹೋಯಿತು. ಭಾರತದ ಆ ಒಂದು ಗೋಲನ್ನು ಹೊಡೆದವರು ಸಾರಂಗಪಾಣಿ ರಾಮನ್ ಎಂಬುದು ನೆನಪಿನಲ್ಲಿ ಉಳಿದಿದೆ. ಗೋಲು ಕಾಯ್ದವರ ಹೆಸರನ್ನು ಬಲ್ಲವರು ಕಡಿಮೆ. ಮೈಸೂರು ತಂಡ 1946-47ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಅದರ ಹಿಂದೆ ದಂಡು ಪ್ರದೇಶದ ಮೈದಾನಗಳಿದ್ದವು. ಮುಂದೆ ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟವು. ವೃತ್ತಿಪರ ಫುಟ್‌ಬಾಲ್ ಎಂಬ ಮಾತು ಬರುವ ಮುಂಚೆ ನಮ್ಮಲ್ಲಿ ಆಟಗಾರನ ವೃತ್ತಿಯೆಂದರೆ ಈ ನೌಕರಿಯೇ.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. 2017ರಲ್ಲಿ ಅದರ ಗೋಲಿಗೆ ಬಂದು ನಿಂತ ಗುರ್‌ಪ್ರೀತ್ ಸಿಂಗ್ ಸಂಧು ಪಂಜಾಬಿನವರು. ಅದಕ್ಕೂ ಮುನ್ನ ನಾರ್ವೆಯ ಸ್ತಾಬೆಕ್ ಕ್ಲಬ್ಬಿನಲ್ಲಿದ್ದವರು. 2023ರ ಜುಲೈ 4ರಂದು ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್‌ನ ಕೊನೆಯ ಪೆನಾಲ್ಟಿ ಒದೆತವನ್ನು ಅವರು ತಡೆದಾಗ ಭಾರತಕ್ಕೆ ಸ್ಯಾಫ್ ಚಾಂಪಿಯನ್‌ಷಿಪ್ ಒಲಿಯಿತು.

ಆ ಸಂಭ್ರಮ ಕೊಪ್ಪಳದ ಟಿ.ವಿ.ಗಳಲ್ಲೂ ಕಂಡಿತು. ಆದರೆ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಈ ಜಿಲ್ಲೆಯ ಹುಡುಗನೊಬ್ಬ ಹಾಗೆ ಹಾರಿ ಬೀಳಲು ಕಲಿಯುವುದೆಲ್ಲಿ? ಗಂಗಾವತಿಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿದೆ; ನೀರು ಬಂದ ಕೂಡಲೇ ಭೂಮಿಗೆ ಬೆಲೆ ಬಂತು, ಭತ್ತವೂ ಅಕ್ಕಿ ಗಿರಣಿಯೂ ಬೆಳೆದವು, ಆಟದ ಬಯಲಿಗೆಂದು ಎಕರೆ ಬಿಡುವವರು ಯಾರು? ಕುಷ್ಟಗಿ, ಯಲಬುರ್ಗಾಗಳಲ್ಲಿ ಬಯಲಿಗೆ ಬರವಿಲ್ಲ, ಆದರೆ ಹುಲ್ಲು ಉಳಿಸಲು ನೀರಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪಾಠಕ್ಕೆ ಒಳ್ಳೆಯ ಉದಾಹರಣೆ. ಹುಡುಗನಿಗೆ ಮೊಣಕೈ ತರಚುವ ಗಟ್ಟಿ ನೆಲ. ಈ ಸೀಮೆ ಕಬಡ್ಡಿ, ಕೊಕ್ಕೊಗಳಿಗೆ ಒಲಿದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

371ನೇ (ಜೆ) ವಿಧಿಯಿಂದ ಈ ಭಾಗಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಬಂದಿದೆ, ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ. ಕ್ರೀಡೆಯೆಂದರೆ ನಮ್ಮ ಕಚೇರಿಗಳಿಗೆ ಮೊದಲು ಹೊಳೆಯುವುದು ಪ್ರೇಕ್ಷಕರ ಗ್ಯಾಲರಿ. ಅದಕ್ಕೆ ಅಡಿಗಲ್ಲು ಹಾಕಬಹುದಲ್ಲ! ಗೋಲ್‌ಕೀಪರನ ಅಗತ್ಯ ಅಷ್ಟು ದೊಡ್ಡದಲ್ಲ. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಆ ಅಳತೆಯ ಕಂಬಗಳ ಮುಂದೆ ಉದ್ದಜಿಗಿತದ ಅಂಕಣದಂತೆ ಮಣ್ಣು ಸಡಿಲಿಸಿ ಮರಳು ತುಂಬಿಸಿದರೆ ಅಭ್ಯಾಸ ಶುರುವಾಗುತ್ತದೆ. ತಾಲ್ಲೂಕಿಗೆ ಒಂದರಂತೆ, ಮುಂದಿನ ಬೇಸಿಗೆ ರಜೆಯೊಳಗೆ, ಇದನ್ನು ಮಾಡಲು ಹೊಸ ಯೋಜನೆಯ ಅಗತ್ಯವೂ ಬೀಳದು.